ಬಿಟ್ಟುಹೋದ ಐದನೆಯದು

ಕಾಫಿಯ ಲೋಟವನ್ನು ಸೆರಗಿನಡಿ ಅಡಗಿಸಿಕೊಂಡು ಮಿಲ್ಕಾ ಹಿತ್ತಿಲ ಬಾಗಿಲು ದಾಟುವಷ್ಟರಲ್ಲಿ ಅತ್ತೆ ರೂತಮ್ಮ ಕಂಡುಬಿಟ್ಟರು.

“ಎಂತ ಅದು?”

“ಸೀತುವಿಗೆ ಕಾಫಿ, ಮಾಮಿ.”

“ಲೋಟದಲ್ಲಿಯಾ? ಮತ್ತೆ ಗೆರಟೆ ಎಂತಕ್ಕೆ ಇರುದು?”

“ಮುಟ್ಟು-ಮೈಲಿಗೆ ಕೂಡದೆಂದು ಈಗ ಕಾನೂನೇ ಬಂದಿದೆಯಲ್ಲ ಮಾಮಿ. ಇಗರ್ಜಿಯಲ್ಲಿಯೂ ಅಯ್ಯನವರು...”

“ಕಾನೂನು ದಿಲ್ಲಿಯಲ್ಲಿ. ಅಯ್ಯನವರು ಪೇಟೆಯಲ್ಲಿ. ಇದು ನನ್ನ ಅಡಿಗೆಮನೆ ಮಾರಾಯ್ತಿ.”

ಕ್ರೈಸ್ತರಾಗಿ ಮೂರು ತಲೆಮಾರು ಕಳೆದರೂ ರೂತಮ್ಮ ಹಿಂದಿನ ಮೇಲ್ಜಾತಿಯ ಮನೆತನವನ್ನು ಮರೆತವರಲ್ಲ. ಮಿಲ್ಕಾ ಹೊರಗೋಡೆಯ ಬದಿಯಲ್ಲಿ ಬೋರಲಾಗಿದ್ದ ತೆಂಗಿನ ಗೆರಟೆಯನ್ನು ಎತ್ತಿ ಅದಕ್ಕೆ ಕಾಫಿ ಸುರಿದಳು. ಕೈತಪ್ಪಿ ಸ್ವಲ್ಪ ಚೆಲ್ಲಿತು.

ಬೆಳಿಗ್ಗೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ದಶಾಜ್ಞೆಗಳನ್ನು ಹೇಳಿಕೊಡುವಾಗಲೂ ಹೀಗೆಯೇ ಆಗಿತ್ತು. ನಾಲ್ಕನೆಯದಾದ ಮೇಲೆ ಆರನೆಯದಕ್ಕೆ ಹಾರಿದ್ದಳು. “ಟೀಚರ್, ಐದನೆಯದು ಬಿಟ್ಟುಹೋಯಿತು!” ಮಕ್ಕಳು ನಕ್ಕರು. ಅವಳೂ ನಕ್ಕು, ಅದನ್ನು ನೀವೇ ಹೇಳಿ ಎಂದಿದ್ದಳು.

ಸೀತು ಹಲಸಿನ ಮರದಡಿ ಕೂತಿದ್ದಳು. ರಾಮಕುಂಜದ ಕಡೆಯಿಂದ ಬಸ್ಸಿನಲ್ಲಿ ಬುಟ್ಟಿ ತರುವವಳು. ಪುತ್ತೂರು ಪೇಟೆಯಲ್ಲಿ ಎಷ್ಟು ಗಿರಾಕಿಗಳಿದ್ದರೂ ಮೊದಲು ಈ ಹಿತ್ತಿಲಿಗೇ. ಮಿಲ್ಕಾ ಎಂದೂ ಬೇಡವೆಂದದ್ದಿಲ್ಲ. ಅಟ್ಟದಲ್ಲಿ ಬಳಸದ ಬುಟ್ಟಿಗಳು ಒಂದರೊಳಗೊಂದು ಕೂತಿದ್ದವು. “ಇಷ್ಟರಲ್ಲಿ ಎಂತ ತುಂಬಿಸುದು? ನಿನ್ನ ಪಾಪವಾ?” ಎಂದು ರೂತಮ್ಮ ತಮಾಷೆ ಮಾಡುತ್ತಿದ್ದರು.

ಸೀತು ಎರಡೂ ಕೈಯೊಡ್ಡಿ ಗೆರಟೆ ತೆಗೆದುಕೊಂಡಳು. ಕಣ್ಣು ಮಾತ್ರ ಮಿಲ್ಕಾಳ ತುಂಬಿದ ಹೊಟ್ಟೆಯ ಮೇಲಿತ್ತು.

“ಬಾಣಂತನ ಎಲ್ಲಿ, ಅಮ್ಮಾ?”

“ಇಲ್ಲಿಯೇ. ನನಗೆ ತಾಯಿಮನೆ ಇಲ್ಲವಲ್ಲ.”

ಹೇಳಿದ ಮೇಲೆ ಮಿಲ್ಕಾ ನೆಲ ನೋಡಿದಳು. ಬೋರ್ಡಿಂಗ್ ಶಾಲೆಯಲ್ಲಿ ಬೆಳೆದ ಅನಾಥೆ ಎಂದೇ ಅವಳನ್ನು ಈ ಮನೆಗೆ ತಂದದ್ದು.

“ಹೌದೌದು,” ಎಂದಳು ಸೀತು. “ಬೋರ್ಡಿಂಗಿನವರು ಚಂದ ಸಾಕಿದ್ದಾರೆ.” ಬುಟ್ಟಿಯಿಂದ ಎಣ್ಣೆಯ ಕುಪ್ಪಿಯೊಂದನ್ನು ತೆಗೆದು ಕಲ್ಲಿನ ಮೇಲಿಟ್ಟಳು. “ಹೆರಿಗೆಯಾದ ಮೇಲೆ ಸೊಂಟಕ್ಕೆ ಹಚ್ಚಿಸಿಕೊಳ್ಳಿ. ನಾನು ಇನ್ನು ಬರುದಿಲ್ಲ ಅಮ್ಮಾ. ಕಾಲು ಕೇಳುದಿಲ್ಲ.”

ಸೀತು ಕಾಫಿ ಕುಡಿದು ಗೆರಟೆ ತೊಳೆದಳು. ಗೋಡೆಯ ಬದಿಗೆ ಬೋರಲು ಹಾಕಿದಳು. ಮೆಲ್ಲನೆ ಬೇಲಿಯ ತಡಮೆಯತ್ತ ನಡೆದಳು.

“ಅಮ್ಮಾ!”

ಅಡಿಗೆಮನೆಯ ಕಿಟಕಿಯಲ್ಲಿ ರೂತಮ್ಮನ ಮುಖ ಕಾಣಿಸಿತು. “ಯಾರು ಕರೆದದ್ದು?”

ಸೀತು ಗಕ್ಕನೆ ತಿರುಗಿದಳು. ಮುಖ ಬಿಳುಚಿತ್ತು. “ನಾನೇ ಅಮ್ಮಾ! ಹೋಗ್ತೇನೆ ಅಂತ ಹೇಳಿದ್ದು.”

ಮಿಲ್ಕಾ ತಲೆಯಾಡಿಸಿದ್ದರೆ ಸಾಕಿತ್ತು; ಎಲ್ಲ ಮೊದಲಿನಂತೆಯೇ ಇರುತ್ತಿತ್ತು. ಆದರೆ ಬೆಳಿಗ್ಗೆ ಬಾಯಿಗೆ ಬಾರದ ಐದನೆಯದು, ತಂದೆತಾಯಿಯರನ್ನು ಗೌರವಿಸಬೇಕೆಂಬುದು, ಈಗ ತಾನಾಗಿ ನಾಲಿಗೆಗೆ ಬಂತು.

“ಅಲ್ಲ ಮಾಮಿ, ಕರೆದದ್ದು ನಾನು. ನನ್ನನ್ನು ಹೆತ್ತವಳನ್ನು.”