ಬಾಣಂತಿ ಕೋಣೆಯ ಬೆಳ್ಳುಳ್ಳಿ

ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕುವ ಮೊದಲು ನಾನು ಈಗಲೂ ಮನೆಯ ಕಿಟಕಿಗಳನ್ನೆಲ್ಲ ತೆರೆಯುತ್ತೇನೆ.

ಮೊರಬದ ನಮ್ಮ ಮನೆಯಲ್ಲಿ ಆ ದಿನ ಅಪ್ಪ ಕಡಲೆ ಚೀಲಗಳ ನಡುವೆ ಕಾಳಿಗೆ ಹುಳ ಹಿಡಿಯದಂತೆ ಗುಳಿಗೆ ಇಟ್ಟು, ಮೇಲೆ ತಾಡಪತ್ರಿ ಹೊದಿಸಿದ್ದ. ಪಕ್ಕದ ಕೋಣೆಯಲ್ಲಿ, ಹೆರಿಗೆಗೆಂದು ತವರಿಗೆ ಬಂದಿದ್ದ ಸೋದರತ್ತೆ ಕೂಸಿನೊಂದಿಗೆ ಮಲಗಿದ್ದಳು. ಗಾಳಿ ತಾಕಬಾರದೆಂದು ಅಜ್ಜಿ ಕಿಟಕಿಗೆ ಹಳೆಯ ಕೌದಿ ತುರುಕಿದ್ದಳು.

ಮಧ್ಯಾಹ್ನ ಕೂಸನ್ನು ನೋಡಲು ಒಳಗೆ ಹೋದವಳು ಮೂಗು ಮುಚ್ಚಿಕೊಂಡು ಹೊರಬಂದೆ. "ಅಜ್ಜಿ, ಒಳಗ ಬೆಳ್ಳುಳ್ಳಿ ನಾತ!"

ಅಜ್ಜಿ ನಕ್ಕಳು. "ದಿನಾ ಬೆಳ್ಳುಳ್ಳಿ ತಿನ್ನೂ ಬಾಣಂತಿ ಖೋಲಿ ಮಲ್ಲಿಗಿ ನಾರತೈತೇನ್ಲೇ? ಬಾಗಲಾ ಹಾಕು, ಕೂಸಿಗೆ ಥಂಡಿ ಬಡದೀತು."

ನಾನು ಬಾಗಿಲು ಹಾಕಿದೆ.

ಸಂಜೆ ಅತ್ತೆ ವಾಂತಿ ಮಾಡುತ್ತ ಹೊಸ್ತಿಲಿಗೆ ಬಂದು ಕುಸಿದಳು. ಅಜ್ಜಿ ಅಡುಗೆಮನೆಯತ್ತ ಕೂಗಿದಳು: "ಸಾರಿಗೆ ಬೆಳ್ಳುಳ್ಳಿ ಭಾಳ ಹಾಕಿದ್ದೇನವಾ?"

ಅವ್ವ ಬಾಗಿಲಿಗೆ ಬಂದಳು. "ನಿನ್ನೆಯಿಂದ ಮನ್ಯಾಗ ಬೆಳ್ಳುಳ್ಳಿನ ಇಲ್ರಿ."

ಜಗಲಿಯಲ್ಲಿದ್ದ ಅಪ್ಪ ಎದ್ದು ನಿಂತ. "ಅಯ್ಯೋ, ಅದು ಕಡ್ಲಿಗೆ ಇಟ್ಟ ಗುಳಿಗಿ ವಿಷದ ನಾತ!" ಎಂದು ಒಳಗೆ ಓಡಿ ಕೌದಿಯನ್ನು ಕಿತ್ತೆಸೆದ. ಹೊಲದ ತಂಪು ಗಾಳಿ ಕೋಣೆಯ ತುಂಬ ಬಂತು. ಅಜ್ಜಿ ಎತ್ತಿಕೊಂಡಾಗ ಕೂಸಿನ ತಲೆಯ ಕುಂಚಿಗೆ ಇನ್ನೂ ಬೆಚ್ಚಗಿತ್ತು. ಕೂಸು ಅಳಲೆಂದು ಅವಳು ಅದರ ಅಂಗಾಲಿಗೆ ಹೊಡೆಯುತ್ತಲೇ ಇದ್ದಳು. ಕೊನೆಗೆ ಅಪ್ಪ ಅವಳ ಕೈ ಹಿಡಿದ.