ಅನ್ನವ್ವನ ಟಿಕೆಟು

"ಒಬ್ಬರು ಮನ್ಯಾಗ ಉಳೀಬೇಕಾಕ್ಕೈತಿ," ಎಂದ ಸುದೀಪ, ಮೊಬೈಲಿನಿಂದ ಮುಖ ಎತ್ತದೆ. "ನಾಲ್ಕ ಮಂದಿ ಟಿಕೀಟಿಗೆ ಹೆಂಗೋ ರೊಕ್ಕ ಹೊಂದತೈತಿ. ಐದಕ್ಕ ಆಗಂಗಿಲ್ಲ."

ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅವನ ತಾಯಿ ಅನ್ನವ್ವ, ಯಾರೂ ಕೇಳುವ ಮೊದಲೇ, "ನಾ ಇರ್ತೀನಿ ಬಿಡು. ಈ ವಯಸ್ಸಿನ್ಯಾಗ ನನಗ್ಯಾಕ ನೀರಾಟ," ಎಂದಳು. ಲಾಳಿ ಓಡಿಸುವ ಕೈ ನಿಲ್ಲಲಿಲ್ಲ.

ಗಜೇಂದ್ರಗಡದ ಆ ಓಣಿಯ ನೇಕಾರರೆಲ್ಲ ಕೂಡಿ ಹುಬ್ಬಳ್ಳಿ ಕಡೆಯ ಒಂದು ವಾಟರ್ ಪಾರ್ಕಿಗೆ ಹೋಗಲು ಟೆಂಪೊ ಗೊತ್ತುಮಾಡಿದ್ದರು. ಒಳಗಿನ ಟಿಕೆಟು ಅವರವರ ಮನೆಯದು. ಟಿಕೆಟೆಂದರೆ ಕಿಂಡಿಯೊಳಗೆ ಕೈ ಹಾಕಿ ಕೊಳ್ಳುವುದು ಎಂದುಕೊಂಡಿದ್ದ ಸುದೀಪ ಎರಡು ದಿನದಿಂದ ಮೊಬೈಲಿನಲ್ಲೇ ಮುಳುಗಿದ್ದ. ಮಂಗಳವಾರಕ್ಕೊಂದು ದರ, ಭಾನುವಾರಕ್ಕೊಂದು. ಮಗ್ಗ ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಈ ಸಲದ ಅಮಾವಾಸ್ಯೆ ಬಂದದ್ದು ಭಾನುವಾರವೇ. ಬೆಳಿಗ್ಗೆ ಕಂಡ ದರ ಮಧ್ಯಾಹ್ನಕ್ಕೆ ಏರಿತ್ತು. ಬುತ್ತಿ ಒಳಗೆ ಬಿಡುವುದಿಲ್ಲ, ಊಟದ ಕೂಪನ್ನು ಬೇರೆ. ಚೀಲ ಇಡುವ ಲಾಕರಿಗೆ ಬೇರೆ. ಸಾಲಿನಲ್ಲಿ ನಿಲ್ಲದೆ ಮುಂದೆ ಹೋಗಲು ಒಂದು ಪಾಸು. ಭಾನುವಾರದ ಗದ್ದಲಕ್ಕೆ ಅದು ಬೇಕೇಬೇಕೆಂದು ಸುದೀಪ ತಲೆಗೊಂದರಂತೆ ಲೆಕ್ಕಕ್ಕೆ ಹಿಡಿದಿದ್ದ.

"ಸೀರಿ ಉಟಗೊಂಡ ನೀರಾಗ ಇಳ್ಯಾಕ ಬಿಡಂಗಿಲ್ಲಂತ್ರಿ ಅತ್ತಿ. ನೈಲಾನ ಅರಬೀನ ಆಗಬೇಕಂತ," ಎಂದಳು ಸುದೀಪನ ಹೆಂಡತಿ ಪುಷ್ಪಾವತಿ.

"ನೇಯೋರ ಮನಿ ಮಂದೀನ ಸೀರಿ ಬಿಚ್ಚಿಟ್ಟು ಬರ್ರಿ ಅಂದ್ರ ಚಲೋ ಆತಲ್ಲ," ಎಂದಳು ಅನ್ನವ್ವ.

ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಸುದೀಪನ ತಂಗಿ ಶೈಲಶ್ರೀ ಮಾತ್ರ ನಗಲಿಲ್ಲ. ಮೊನ್ನೆ ಅಣ್ಣ ಆ ಪಾರ್ಕಿನ ವಿಡಿಯೊ ತೋರಿಸಿದಾಗ ಎಲ್ಲರೂ ಮೊಬೈಲು ನೋಡಿದ್ದರು, ಅವಳು ಅವ್ವನನ್ನು ನೋಡಿದ್ದಳು. ದೊಡ್ಡ ಕೊಳದಲ್ಲಿ ಅಲೆ ಎದ್ದಾಗೆಲ್ಲ ಅವ್ವನ ಕೈಯಲ್ಲಿ ಲಾಳಿ ನಿಲ್ಲುತ್ತಿತ್ತು. ಅಲೆ ಇಳಿದ ಮೇಲೆ ಮಗ್ಗ ಮತ್ತೆ ನಡೆಯುತ್ತಿತ್ತು. ಸಮುದ್ರವನ್ನೇ ಕಾಣದ ಅವ್ವ ಅದನ್ನು ಯಾರಿಗೂ ಹೇಳುವವಳಲ್ಲ. ಹೇಳಬೇಕಾದರೆ ಶೈಲಶ್ರೀಯೇ ಹೇಳಬೇಕು. ಅವಳಿಗೋ ಮನೆಯವರ ಮುಂದೆ ಬಾಯಿ ತೆರೆಯುವುದೂ ಕಷ್ಟವೇ.

"ಅಣ್ಣಾ," ಎಂದಳು ಕೊನೆಗೆ, ಅಂಗಳದಲ್ಲಿ ಆಡುತ್ತಿದ್ದ ಅಣ್ಣನ ಮಗಳ ಕಡೆ ನೋಡಿ. "ನಿಮ್ಮ ಚಿನ್ನಿಗೆ ಅರ್ಧಾ ಟಿಕೀಟು ವಯಸ್ಸಿನ ಮ್ಯಾಲೇನು?"

"ವಯಸ್ಸ ಕೇಳಂಗಿಲ್ಲ, ಎತ್ತರ ಅಷ್ಟ. ನೂರಾ ನಲವತ್ತ ಸೆಂಟಿಮೀಟರ ಒಳಗಿದ್ರ ಅರ್ಧಾ. ಬಾಗಲದಾಗ ನಿಂದ್ರಿಸಿ ಅಳೀತಾರಂತ."

"ಹಂಗಾರ ಅವ್ವಗೂ ಅರ್ಧಾ ತಗಿ."

ಪುಷ್ಪಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುದೀಪ ಮೊದಲು ನಕ್ಕ, ಆಮೇಲೆ ನಿಯಮವನ್ನು ಇನ್ನೊಮ್ಮೆ ಓದಿದ. "ಖರೇ ಐತಿ. ಸಣ್ಣ ಹುಡುಗರು ಅಂತ ಎಲ್ಲೂ ಬರದಿಲ್ಲ. ಅರ್ಧಾ ಆದ್ರ ಹೊಂದಸಬೌದು."

"ಏ, ಕೂಸಿನ ಟಿಕೀಟಿನ್ಯಾಗ ನಾ ಹೋಗಬೇಕೇನೋ? ಮಂದಿ ನಗತಾರ," ಎಂದಳು ಅನ್ನವ್ವ. ಎನ್ನುತ್ತಲೇ ಕುಣಿಯಿಂದ ಕಾಲು ಮೇಲೆ ತೆಗೆದಳು.

ಗೋಡೆಯ ಮೇಲೆ ಟೇಪು ಹಿಡಿದು ನೂರಾ ನಲವತ್ತಕ್ಕೆ ಸೀಸದ ಕಡ್ಡಿಯಿಂದ ಗೆರೆ ಎಳೆದರು. ಅನ್ನವ್ವ ಅದರ ಕೆಳಗೆ, ದಿನಾ ನಿಲ್ಲುವ ಹಾಗೆಯೇ, ಮಗ್ಗದ ಮೇಲೆ ಬಾಗಿದಂತೆ ನಿಂತಳು. ಗೆರೆ ತಲೆಗಿಂತ ಒಂದು ಬೆರಳು ಮೇಲಿತ್ತು. ಶೈಲಶ್ರೀಯ ಎದೆ ಹಗುರಾಯಿತು.

"ನೆಟ್ಟಗ ನಿಂದ್ರು ಬೇ," ಎಂದ ಸುದೀಪ. "ಅಲ್ಲಿ ಹಿಂಗ ಬಿಡಂಗಿಲ್ಲ. ಎಲ್ಲಾರ ಮುಂದ ಫಜೀತಿ ಆಗಬಾರದು."

ಅನ್ನವ್ವ ಹಿಮ್ಮಡಿಗಳನ್ನು ಗೋಡೆಗೆ ತಂದಳು. ಆಮೇಲೆ ಸೊಂಟ. ಬೆನ್ನು ಮಾತ್ರ ಸುಲಭಕ್ಕೆ ಬರಲಿಲ್ಲ. ಹದಿನಾರನೇ ವಯಸ್ಸಿನಿಂದ ಮಗ್ಗಕ್ಕೆ ಬಾಗಿದ ಬೆನ್ನು ಎಲ್ಲೋ ಲಟಕ್ಕೆಂದಿತು, ಅವಳು ಕಣ್ಣು ಮುಚ್ಚಿದಳು, ಇನ್ನೊಂದಿಷ್ಟು ಎದ್ದಳು. ಹೆಗಲು ಗೋಡೆಗೆ ತಾಕಿತು. ಗದ್ದ ಮೇಲಾಯಿತು. ಸೀಸದ ಗೆರೆ ಅವಳ ತಲೆಯ ಹಿಂದೆ ಮರೆಯಾಯಿತು.

"ಎರಡ ಬೆರಳ ಹೆಚ್ಚ ಬಂತು," ಎಂದ ಸುದೀಪ ಸಣ್ಣ ದನಿಯಲ್ಲಿ.

ಶೈಲಶ್ರೀ ತಲೆ ತಗ್ಗಿಸಿದಳು. ಸುಮ್ಮನೆ ಕೂತಿದ್ದವಳನ್ನು ಎಬ್ಬಿಸಿ ಆಸೆ ಹಚ್ಚಿದವಳು ತಾನೇ. ಈಗ ಅವ್ವ 'ಇರಲಿ ಬಿಡು' ಎಂದು ಮತ್ತೆ ಕುಣಿಗೆ ಇಳಿಯುತ್ತಾಳೆ.

"ಹೆಚ್ಚಂದಿ?" ಅನ್ನವ್ವನ ದನಿಯಲ್ಲಿ ನಗು ಇತ್ತು. "ಗಿಡ್ಡಿ ಗಿಡ್ಡಿ ಅಂತ ಹಿಂದಿಂದ ಎಲ್ಲಾರೂ ಆಡಿಕೊಂಡ್ರಿ. ಹಂಗಾರ ದೊಡ್ಡೋರ ಟಿಕೀಟ ತಗಿಯೋ. ಆ ತೆರಿ ಏಳೂದನ್ನ ನಾನೂ ನೋಡಬೇಕು."

ಸುದೀಪ ಮೊಬೈಲನ್ನೂ ಗೋಡೆಯನ್ನೂ ನೋಡಿದ. ಲೆಕ್ಕವನ್ನು ಮತ್ತೆ ಕೂಡಿಸತೊಡಗಿದ.

"ಅಣ್ಣಾ, ಆ ಮುಂದ ಹೋಗೂ ಪಾಸ್ ಅಷ್ಟೂ ಬಿಟ್ಟಬಿಡು, ಅವ್ವನ ಟಿಕೀಟು ಹೊಂದತೈತಿ," ಎಂದಳು ಶೈಲಶ್ರೀ. ಈ ಸಲ ದನಿ ಗಟ್ಟಿಯಾಗಿತ್ತು.

"ಅದಿಲ್ಲಂದ್ರ ಒಂದೊಂದು ಆಟಕ್ಕ ತಾಸುಗಟ್ಟಲೆ ನಿಂದ್ರಬೇಕಲ್ಲ," ಎಂದ ಸುದೀಪ.

"ಒಂದು ಸೀರಿಗೆ ಮೂರ ದಿನಾ ಕುಂದ್ರತೀವಿ. ಒಂದ ತಾಸು ನಿಂದ್ರೂದು ಹೆಚ್ಚಾತೇನು?" ಎಂದಳು ತಂಗಿ.

ಪುಷ್ಪಾವತಿ ಗಂಡನ ಹೆಗಲ ಮೇಲಿಂದ ಬಗ್ಗಿ, "ತಗೀರಿ ತಗೀರಿ, ಮತ್ತ ರೇಟ್ ಏರೂಕಿಂತ ಮುಂಚೆ," ಎಂದಳು. ಸುದೀಪ ಪಾಸುಗಳನ್ನು ಒಂದೊಂದಾಗಿ ಅಳಿಸಿ, ದೊಡ್ಡವರ ಸಾಲಿನಲ್ಲಿ ಅವ್ವನ ಹೆಸರು ಬರೆದ. ಸ್ವಲ್ಪ ಹೊತ್ತು ಚಕ್ರ ತಿರುಗಿಸಿದ ಮೊಬೈಲು ಕೊನೆಗೆ ಐದು ಟಿಕೆಟು ತೋರಿಸಿತು.

"ಆತು ಬೇ. ಇನ್ನ ಕುಂದ್ರು."

"ತಡಿಯೋ," ಎಂದಳು ಅನ್ನವ್ವ, ಗೋಡೆಗೆ ಬೆನ್ನು ಹಚ್ಚಿಕೊಂಡೇ. "ಇನ್ನೊಂದೀಟು ಹಿಂಗ ನಿಂತಿರ್ತೀನಿ."