ಬೈಗುಳ ತಪ್ಪಿದ ಬೆಳಿಗ್ಗೆ

ಟೊಮೇಟೊ ಸಸಿಗಳ ಟ್ರೇ ಅವನ ಎಡಗೈಯಿಂದ ಜಾರಿ ಸಿಮೆಂಟು ನೆಲಕ್ಕೆ ಬೋರಲಾಗಿ ಬಿತ್ತು. ಮಣ್ಣು ಚೆಲ್ಲಾಪಿಲ್ಲಿಯಾಯಿತು, ಎಳೆಯ ಕಾಂಡಗಳು ಮುರಿದು ಮಲಗಿದವು. ನೀರಿನ ಪೈಪನ್ನು ಅಲ್ಲೇ ಬಿಸಾಕಿ ಹೆಂಡತಿ ಓಡಿ ಬರುವುದನ್ನು ಕಂಡು ಅವನು ತಲೆ ತಗ್ಗಿಸಿ ಬೈಗುಳಕ್ಕೆ ಸಿದ್ಧನಾದ.

"ಪರವಾಗಿಲ್ಲ ಬಿಡಿ," ಎಂದಳು ಅವಳು. "ನಿಮಗೆಲ್ಲೂ ಪೆಟ್ಟಾಗಿಲ್ಲ ತಾನೆ? ಕೂತ್ಕೊಳ್ಳಿ, ನಾನು ಬಳಿದು ಹಾಕ್ತೀನಿ."

ಟ್ರೇ ಬಿದ್ದಾಗ ಆಗದ ಗಾಬರಿ ಅವನಿಗೆ ಈ ಮಾತಿಗೆ ಆಯಿತು.

ಸಸಿ ಕೊಳ್ಳಲು ಬಂದು ನಿಂತಿದ್ದ ಹೋಟೆಲಿನ ಮಾಲಿಗೂ ಇದು ಸರಿಬರಲಿಲ್ಲ. ಈ ನರ್ಸರಿಗೆ ಅವನು ಬರುತ್ತಿದ್ದುದು ಅರ್ಧ ಸಸಿಗಾಗಿ, ಇನ್ನರ್ಧ ಗಂಡಹೆಂಡಿರ ಜಟಾಪಟಿ ಕೇಳುವುದಕ್ಕಾಗಿ. "ಏನಕ್ಕಾ, ಇವತ್ತು ನಾಲಿಗೆಗೆ ರಜಾನಾ? ಇಡೀ ಟ್ರೇ ನೆಲಕಚ್ತು, ನಮ್ಮ ಸ್ಲಗ್ಗಣ್ಣಂಗೆ ಒಂದು ಬೈಗುಳವೂ ಇಲ್ವಾ?"

"ಅವರನ್ನ ಹಾಗೆಲ್ಲ ಕರೀಬೇಡಿ," ಎಂದಳು ಅವಳು, ಮಣ್ಣು ಬಳಿಯುತ್ತಲೇ, ಮುಖ ಎತ್ತದೆ.

"ತಮಾಷೆಗಂದೆ ಅಕ್ಕಾ," ಎಂದು ಮಾಲಿ ಪೆಚ್ಚಾದ. ಉಳಿದ ಟ್ರೇಗಳನ್ನು ಚೌಕಾಸಿಯಿಲ್ಲದೆ ಗಾಡಿಗೆ ಏರಿಸಿಕೊಂಡು ಹೊರಟುಹೋದ.

ಪೆಚ್ಚಾಗದೆ ಏನು ಮಾಡುತ್ತಾನೆ? ಆ ಹೆಸರು ಇಟ್ಟವಳೇ ಅವಳು. ಹಿಂದೊಮ್ಮೆ ಹೂಗಿಡ ಕೊಳ್ಳಲು ಬಂದಿದ್ದ ಟೀಚರಮ್ಮ ಕುಂಡ ಎತ್ತಿ, ತಳಕ್ಕೆ ಅಂಟಿಕೊಂಡಿದ್ದ ಲೋಳೆಲೋಳೆ ಹುಳುವನ್ನು ಕಂಡು "ಅಯ್ಯೋ, ಸ್ಲಗ್!" ಎಂದು ಕಿರುಚಿದ್ದರು. ಚಿಪ್ಪಿಲ್ಲದ ಬಸವನಹುಳುವಿಗೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ, ಕೂತಲ್ಲೇ ಬೇರು ಬಿಡುವ ಮನುಷ್ಯರಿಗೂ ಆ ಮಾತು ಸಲ್ಲುತ್ತದೆ ಎಂದು ಬಿಡಿಸಿ ಹೇಳಿದವರೂ ಅವರೇ. ಅವನೋ ಹುಟ್ಟಾ ನಿಧಾನಸ್ಥ, ಆಮೆಗೂ ದಾರಿ ಬಿಟ್ಟುಕೊಡುವವನು. ಹೆಂಡತಿಗೆ ಕಳೆದುಹೋದ ಬೀಗದಕೈ ಸಿಕ್ಕಷ್ಟು ಖುಷಿ. "ಮದುವೆಯಾದಾಗಿಂದ ಈ ಮಾತಿಗೇ ಹುಡುಕ್ತಿದ್ದೆ ನೋಡಿ ಟೀಚರೇ. ಬಸವನಹುಳು ಅನ್ನೋಕೆ ಮನಸ್ಸು ಬರ್ತಿರ್ಲಿಲ್ಲ. ಅದಾದ್ರೂ ಬೆನ್ನ ಮೇಲೊಂದು ಸ್ವಂತ ಮನೆ ಮಾಡ್ಕೊಂಡಿರತ್ತೆ!" ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅಂದಿನಿಂದ "ರೀ ಸ್ಲಗ್ಗೂ, ಟೀ ಆರ್ತಾ ಇದೆ", "ರೀ ಸ್ಲಗ್ಗೂ, ಬಾಗಿಲು ಹಾಕಿದ್ರಾ?" ಎಂಬ ಕೂಗು ಬೀದಿಯ ತುದಿಗೂ ಕೇಳುತ್ತಿತ್ತು. ಸಿಟ್ಟಿಗೂ ಅದೇ, ಮುದ್ದಿಗೂ ಅದೇ. ಜ್ವರ ಬಂದು ಮಲಗಿದಾಗಲೂ "ನಾಟಕ ಸಾಕು, ಏಳಿ ಸ್ಲಗ್ಗೂ" ಎಂದೇ ಮಾತ್ರೆ ನುಂಗಿಸಿದ್ದಳು.

ಮಾಲಿ ಹೋದ ಮೇಲೆ ಇಬ್ಬರೂ ಸಸಿಮಡಿಗಳ ಕಡೆ ನಡೆದರು. ಸಂಜೆ ಸಾಲುಗಳ ನಡುವೆ ಒದ್ದೆ ಗೋಣಿಚೀಲ ಹಾಸಿಟ್ಟರೆ, ಎಲೆ ತಿಂದ ಹುಳುಗಳು ಬೆಳಗಾಗುವಷ್ಟರಲ್ಲಿ ಅದರಡಿ ಸೇರಿಕೊಂಡಿರುತ್ತವೆ. ಅವನ್ನು ಕಡ್ಡಿಯಿಂದ ಎತ್ತಿ ಉಪ್ಪುನೀರಿನ ಡಬ್ಬಿಗೆ ಹಾಕಬೇಕು. ಅದು ಅವನೊಬ್ಬನ ಕೆಲಸ. ಇಂದು ಕರೆಯದೆಯೇ ಅವಳೂ ಬಂದಳು. ಯಾವಾಗಲೂ ನಾಲ್ಕು ಮಾರು ಮುಂದೆ ಹೋಗಿ ತಿರುಗಿ ನಿಂತು ಗೊಣಗುವವಳು, ಅವನು ಎಳೆದುಕೊಂಡು ನಡೆಯುವ ಕಾಲಿಗೆ ತನ್ನ ಹೆಜ್ಜೆ ಹೊಂದಿಸಿ ಪಕ್ಕದಲ್ಲೇ ನಡೆದಳು.

"ನಿನ್ನೆ ಡಾಕ್ಟ್ರು ನನ್ನನ್ನ ಹೊರಗಿನ ಬೆಂಚ್ ಮೇಲೆ ಕೂರಿಸಿ, ನಿನ್ನೊಬ್ಬಳನ್ನೇ ಒಳಗೆ ಕರೆದ್ರಲ್ಲ. ಏನಂದ್ರು?"

"ಹೇಳಿದ್ನಲ್ಲ. ನರದ ವೀಕ್‌ನೆಸ್ಸಂತೆ. ಮಾತ್ರೆ ತಗೊಂಡ್ರೆ ಕೈಕಾಲು ಸರಿಹೋಗತ್ತಂತೆ."

"ಯಾವಾಗ?"

"ನಿಧಾನಕ್ಕೆ. ಅವಸರ ಏನಿದೆ?"

ಅವಸರವಿಲ್ಲ ಎಂಬ ಮಾತನ್ನು ಆ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಬಗ್ಗಿ ಗೋಣಿಯ ಅಂಚಿಗೆ ಕೈಹಾಕಿದ. ಬೆರಳುಗಳು ಅದನ್ನು ಮುಟ್ಟಿದವು, ಹಿಡಿಯಲಿಲ್ಲ. ಕಂಡೂ ಕಾಣದವಳಂತೆ ಅವಳೇ ಗೋಣಿ ಎತ್ತಿ ಮಗುಚಿದಳು.

"ಒಂದ್ಸಲ ಬೈಯೇ," ಎಂದ ಅವನು.

"ಇದೇನ್ರೀ ಹುಚ್ಚು?"

"ಸರಿಹೋಗೋ ಗಂಡನ್ನ ಯಾರಾದ್ರೂ ಹೀಗೆ ಅಂಗೈಯಲ್ಲಿಟ್ಟು ನೋಡ್ಕೋತಾರೇನೇ? ಒಂದು ಟ್ರೇ ಸಸಿ ಹಾಳುಮಾಡಿದೀನಿ. ದಿನಾ ಬೈಯೋ ಹಾಗೆ ಬೈಯಿ. ಆಗ ಡಾಕ್ಟ್ರ ಮಾತು ನಂಬ್ತೀನಿ."

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು, ದಿನವೂ ನಿಲ್ಲುವ ಹಾಗೆಯೇ. ಗಂಟಲು ಸರಿಮಾಡಿಕೊಂಡಳು. ಹುಬ್ಬು ಗಂಟಿಕ್ಕಿದಳು.

"ರೀ ಸ್ಲಗ್ಗೂ..."

ನಿದ್ದೆ ಹೋದ ಮಗುವಿಗೆ ಹೊದಿಕೆ ಎಳೆಯುವವರ ದನಿ ಅದು. ಅವಳು ಕಡ್ಡಿ ತೆಗೆದುಕೊಂಡು ಹುಳು ಎತ್ತತೊಡಗಿದಳು. ಎತ್ತಿದ್ದು ಡಬ್ಬಿಗೆ ಬೀಳದೆ ಪಕ್ಕಕ್ಕೆ ಬೀಳುತ್ತಿತ್ತು.

ಅವನು ಮುಂದಿನ ಬಿತ್ತನೆಗೆ ಹದಮಾಡಿಟ್ಟಿದ್ದ ಮಡಿಗಳ ಮೇಲೆ ಬೇಲಿಯವರೆಗೂ ಕಣ್ಣಾಡಿಸಿದ.

"ಹಾಗಾದ್ರೆ ಈ ಸಲ ಅರ್ಧ ಜಾಗಕ್ಕೆ ಮಾತ್ರ ಬೀಜ ಹಾಕು," ಎಂದ. "ಒಬ್ಬಳ ಕೈಲಿ ಅಷ್ಟೇ ಆಗೋದು."